ನಮ್ಮ ಮನೆಯವರಿಗೆ ಅಂಕಿತ ಸಿಕ್ಕಿದ್ದು

ನಮ್ಮ ಮನೆಯವರ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಗಂಡನ ಹೆಸರು ಹೇಳಬಾರದೆಂಬ ಸಂಪ್ರದಾಯಕ್ಕೆ ಹೆದರಿ ಅಲ್ಲ, ಸಿಟ್ಟಿಗೆ. ಮೂವತ್ತು ದಾಟಿದ ಮೇಲೆ, ಕೈಯಲ್ಲಿದ್ದ ಮೇಷ್ಟ್ರ ಕೆಲಸಕ್ಕೆ ರಜೆ ಹಾಕಿ, ಹೆಂಡತಿಯನ್ನು ತನ್ನ ಅಣ್ಣನ ಮನೆಯಲ್ಲಿ ಬಿಟ್ಟು, ಹಾಡಲು ಬಾರದ ಗಂಟಲನ್ನು ಹೊತ್ತುಕೊಂಡು ವಿಶ್ವವಿದ್ಯಾನಿಲಯಕ್ಕೆ ಸಂಗೀತ ಓದಲು ಹೋದ ಗಂಡಸು ಇಡೀ ಮಧುಗಿರಿ ತಾಲ್ಲೂಕಿಗೆ ಇವರೊಬ್ಬರೇ. ಅಂಥವರ ಹೆಸರು ಹೇಳಿ ಅವರಿಗೆ ನಾನೇಕೆ ಕೀರ್ತಿ ತಂದುಕೊಡಲಿ?

ಹಾಡಲು ಬಾರದ ಗಂಟಲು ಎಂದದ್ದು ಹೊಟ್ಟೆಕಿಚ್ಚಿನ ಮಾತಲ್ಲ. ಅವರು ಬೆಳಿಗ್ಗೆ ಬಾಯಿ ತೆರೆದರೆ ಎದುರುಮನೆಯ ಎಮ್ಮೆ ಹಾಲು ಕೊಡುತ್ತಿರಲಿಲ್ಲ. ಎಮ್ಮೆಯ ಒಡತಿ ಬಂದು ಜಗಳವಾಡಿ ಹೋಗಿದ್ದಳು. ಆದರೂ ಅರವತ್ತರ ದಶಕದ ನಡುವಿನಲ್ಲಿ, ಮೈಸೂರಿನಲ್ಲಿ ಸಂಗೀತಕ್ಕೂ ಡಿಗ್ರಿ ಕೊಡುತ್ತಾರಂತೆ ಎಂಬ ಸುದ್ದಿ ನಮ್ಮೂರಿಗೆ ಬಂದದ್ದೇ ತಡ, ಇವರು ಪೆಟ್ಟಿಗೆ ಕಟ್ಟಿದರು. ಹಾಡುವುದಕ್ಕಲ್ಲವಂತೆ. ರಾಗದ ಲಕ್ಷಣವೇನು, ತಾಳದ ಲೆಕ್ಕವೇನು, ಹೊಸ ಕೃತಿಯೊಂದನ್ನು ಕಟ್ಟುವುದು ಹೇಗೆ ಎಂಬುದನ್ನು ಕಲಿಯುವುದಕ್ಕಂತೆ. ಅದಕ್ಕೆ ಗಂಟಲು ಬೇಡ, ತಲೆ ಸಾಕು ಎಂದರು. ಅದಾದರೂ ಎಲ್ಲಿದೆ ಎಂದು ಕೇಳಿದೆ. ಕೇಳಿಸದವರಂತೆ ಪೆಟ್ಟಿಗೆಗೆ ಬೀಗ ಹಾಕಿದರು.

ನಾನು ಒಪ್ಪಿದ್ದು ಒಂದೇ ಒಂದು ಆಸೆಗೆ. ಡಿಗ್ರಿ ಮುಗಿಸಿ ಬಂದರೆ ಶಿರಾದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಸಂಗೀತದ ಮೇಷ್ಟ್ರ ಕೆಲಸ ಕಾದಿತ್ತು. ಜೊತೆಗೆ ಎರಡು ಕೋಣೆಯ ಒಂದು ಮನೆ. ಅಂದರೆ ನನಗೆ ನನ್ನದೇ ಒಂದು ಒಲೆ! ಭಾವನ ಮನೆಯಲ್ಲಿ ಇದ್ದ ಒಲೆ ನನ್ನ ಓರಗಿತ್ತಿಯದು. ನಾನು ಹಿಟ್ಟು ತಿರುವಿದರೆ ಗಂಟಾಯಿತು ಅನ್ನುವಳು. ಸಾರಿಗೆ ನಾನು ಉಪ್ಪು ಹಾಕಿ ಈ ಕಡೆ ತಿರುಗುವಷ್ಟರಲ್ಲಿ ತಾನೂ ಒಂದು ಹಿಡಿ ಹಾಕಿ, ಆಮೇಲೆ ಊಟಕ್ಕೆ ಕೂತ ಎಲ್ಲರ ಎದುರು ಉಪ್ಪಾಯಿತೆಂದು ನನ್ನನ್ನೇ ಬಯ್ಯುವಳು. ನಾನು ಹಿತ್ತಿಲಲ್ಲಿ ನಿಂತು ಮೈಸೂರಿನ ದಿಕ್ಕಿಗೆ ಮುಖ ಮಾಡಿ ಗಂಡನನ್ನು ಬಯ್ಯುತ್ತಿದ್ದೆ. ನಮ್ಮತ್ತೆ ಬಂದು ಸಮಾಧಾನ ಹೇಳುವರು: "ಓದೋಕೋಗವ್ನೆ ಕಣಮ್ಮ ಪುಟ್ಟಮ್ಮ, ಓಡೋಗಿಲ್ವಲ್ಲ. ಬತ್ತಾನೆ ಬುಡು."

ಬರುತ್ತಿದ್ದರು, ರಜೆಗೆ. ಬಂದರೆ ಇನ್ನೊಂದು ಪೀಡೆ. ಅತ್ತೆ ರಾಗಿ ಬೀಸುತ್ತಾ ಹಾಡುತ್ತಿದ್ದರೆ ಪಕ್ಕದಲ್ಲಿ ಕೂತು, ಅವ್ವ, ನೀನು ಹಾಡುತ್ತಿರುವ ರಾಗದಲ್ಲಿ ಆ ಸ್ವರ ಬರಬಾರದು ಎನ್ನುವರು. ಅತ್ತೆ ಬೀಸುವುದನ್ನು ನಿಲ್ಲಿಸಿ, ಹಾಗಾದರೆ ಆ ಸ್ವರವಿಲ್ಲದೆ ನೀನೇ ಬೀಸು ಎಂದು ಕಲ್ಲಿನ ಗೂಟ ಅವರ ಕೈಗೆ ಕೊಟ್ಟರು. ಆ ದಿನ ಮನೆಗೆ ಹಿಟ್ಟು ಸಾಲಲಿಲ್ಲ. ಇನ್ನೊಂದು ದಿನ ಬಡವನಹಳ್ಳಿ ಸಂತೆಗೆ ಹೋದಾಗ, ಕಡಲೆಕಾಯಿ ಮಾರುವವನ ಮುಂದೆ ನಿಂತು ಅವನ ಕೂಗಿಗೆ ಬೆರಳಲ್ಲಿ ತಾಳ ಹಾಕತೊಡಗಿದರು. ಕೊನೆಗೆ ತಲೆ ಅಲ್ಲಾಡಿಸಿ, ಎತ್ತಿಕೊಳ್ಳುವ ಜಾಗವೇ ಸರಿಯಿಲ್ಲ, ಇನ್ನೂ ಸ್ವಲ್ಪ ಕೆಳಗಿಂದ ಎತ್ತಿಕೋ ಎಂದರು. ಅವನು ಮೇಷ್ಟ್ರು ಚೌಕಾಸಿಗೆ ನಿಂತರೆಂದುಕೊಂಡು ಬೆಲೆ ಇಳಿಸಿದ. ಆ ವಿದ್ಯೆಯಿಂದ ನಮ್ಮ ಮನೆಗೆ ಬಂದ ಮೊದಲ ಲಾಭ ಅದು. ಬಹಳ ಕಾಲದವರೆಗೆ ಕೊನೆಯ ಲಾಭವೂ ಅದೇ!

ಇಷ್ಟೆಲ್ಲ ಸ್ವರ ಗೊತ್ತಿದ್ದ ಮನುಷ್ಯನಿಗೆ ಹೆಂಡತಿಯನ್ನು ಕರೆಯಲು ಮಾತ್ರ ಬರುತ್ತಿರಲಿಲ್ಲ. "ಲೇ" ಅನ್ನುವರು, ಇಲ್ಲವೇ ಕೆಮ್ಮುವರು. ಬೇರೆ ಗಂಡಸರೂ ಹಾಗೆಯೇ ಇದ್ದರು ನಿಜ. ಆದರೆ ಬೇರೆಯವರು ಬಸ್ ಸ್ಟ್ಯಾಂಡಿನಲ್ಲಿ ನನ್ನ ಮಾನ ಕಳೆಯಲಿಲ್ಲ. ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಹರಕೆ ಒಪ್ಪಿಸಲು ಒಂದು ಶುಕ್ರವಾರ ನಾವಿಬ್ಬರೂ ಹೊರಟಿದ್ದೆವು. ಕೊರಟಗೆರೆಯಲ್ಲಿ ಬಸ್ಸು ಬದಲಾಯಿಸಬೇಕು. ನಾನು ನೀರು ಕುಡಿಯಲು ನಲ್ಲಿಯ ಹತ್ತಿರ ಹೋಗಿದ್ದೆ. ಅಷ್ಟರಲ್ಲಿ ಬಸ್ಸು ಹೊರಟು ನಿಂತಿತು. ಇವರು ಬಾಗಿಲಲ್ಲಿ ನಿಂತು "ಲೇ" ಎಂದರು. ಅಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು, ಯಾರ ಗಂಡನೋ ಏನೋ ಎಂದು. ಆಗ ನಮ್ಮ ಪಂಡಿತರು ಏನು ಮಾಡಿದರು ಗೊತ್ತೇ? ಮೋಹನ ರಾಗದ ಆರೋಹಣವನ್ನು ಗಟ್ಟಿಯಾಗಿ ಎತ್ತಿಕೊಂಡರು. ಸ ರಿ ಗ ಪ ದ ಸ! ನನಗೆ ಗುರುತು ಸಿಗಲಿ ಎಂದು! ಗುರುತೇನೋ ಸಿಕ್ಕಿತು. ಆದರೆ ಆ ಗಂಟಲು ನನ್ನ ಗಂಡನದು ಎಂದು ಕೊರಟಗೆರೆಯ ಜನರ ಮುಂದೆ ನಾನು ಒಪ್ಪಿಕೊಳ್ಳಲೇ? ಕಂಬದ ಹಿಂದೆ ನಿಂತುಬಿಟ್ಟೆ. ಇವರು ಇಳಿದುಕೊಂಡರು, ಬಸ್ಸು ಹೋಯಿತು.

ಮುಂದಿನ ಬಸ್ಸಿಗೆ ಕಾಯುತ್ತಾ ಕೂತಾಗ ಕೇಳಿದೆ, ಹೆಸರು ಹಿಡಿದು ಕರೆದಿದ್ದರೆ ನಿಮ್ಮ ನಾಲಿಗೆ ಬಿದ್ದುಹೋಗುತ್ತಿತ್ತೇ ಎಂದು.

"ನಾಲ್ಕು ಜನದ ಮುಂದೆ ಹೆಂಡ್ತಿ ಹೆಸ್ರು ಹೆಂಗೆ ಕೂಗ್ಲಿ?" ಎಂದರು. ನಿಜವಾಗಿಯೂ ಮುಖ ಕೆಂಪಗಾಗಿತ್ತು.

ಹೀಗೆ ವರ್ಷಗಳು ಕಳೆದು ಕೊನೆಯ ಪರೀಕ್ಷೆ ಬಂತು. ಶಾಸ್ತ್ರದ ಪತ್ರಿಕೆಗಳನ್ನೆಲ್ಲ ಬರೆದಾಯಿತು. ಉಳಿದದ್ದು ಒಂದೇ: ತಾವೇ ಒಂದು ಕೃತಿ ಕಟ್ಟಿ ಒಪ್ಪಿಸಬೇಕು. ಅದನ್ನು ಕಟ್ಟಲೆಂದು ಊರಿಗೆ ಬಂದು ಕೂತರು. ಪಲ್ಲವಿಯಾಯಿತು, ಚರಣವೂ ಆಯಿತು. ಬಂಡಿ ನಿಂತದ್ದು ಅಂಕಿತದ ಹತ್ತಿರ. ಹಾಡು ಕಟ್ಟಿದವರು ತಮ್ಮ ಗುರುತಿಗೆಂದು ಕೊನೆಯಲ್ಲಿ ಇಷ್ಟದೇವರ ಹೆಸರು ಸೇರಿಸುತ್ತಾರಲ್ಲ, ಅದೇ ಅಂಕಿತ. ಒಮ್ಮೆ ಹಾಕಿದ ಅಂಕಿತವನ್ನು ಜೀವ ಇರುವವರೆಗೂ ಬದಲಾಯಿಸಬಾರದು ಎಂದು ಇವರು ಅದನ್ನು ತಲೆಗೆ ಹಚ್ಚಿಕೊಂಡರು. ನನಗೆ ತಾಳಿ ಕಟ್ಟುವಾಗಲೂ ಮನುಷ್ಯ ಇಷ್ಟು ಯೋಚಿಸಿರಲಿಲ್ಲ!

ಸುದ್ದಿ ಊರಲ್ಲಿ ಹಬ್ಬಿದ್ದೇ, ಪ್ರತಿಯೊಬ್ಬರೂ ತಮ್ಮ ತಮ್ಮ ದೇವರ ಪರವಾಗಿ ಶಿಫಾರಸು ಹಿಡಿದು ಬಂದರು. ಮಧುಗಿರಿಯಲ್ಲಿ ಹುಟ್ಟಿದವನಿಗೆ ಮಲ್ಲೇಶ್ವರನನ್ನು ಬಿಟ್ಟು ಇನ್ನಾರು ಎಂದು ಭಾವ. ಹರಕೆ ಹೊತ್ತದ್ದು ಗೊರವನಹಳ್ಳಿಯ ತಾಯಿಗೆ ಎಂದು ಅತ್ತೆ. ಇದೇ ವಿಷಯಕ್ಕೆ ತಾಯಿಯೂ ಹಿರಿಮಗನೂ ಮಾತು ಬಿಟ್ಟರು. ಇವರ ಗೆಳೆಯರೊಬ್ಬರು ಪಾವಗಡದಿಂದ ಬಂದವರು, ನಮ್ಮೂರ ಶನಿಮಹಾತ್ಮನ ಹೆಸರಿರುವಾಗ ಯೋಚನೆಯೇಕೆ ಎಂದು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದರು. "ಶನಿಮಾತ್ಮನ ಪೇರು ಪೆಟ್ಟು ಸಾಮಿ. ಆ ಹಾಡ್ನ ಎವರೂ ತಪ್ಪು ಹಾಡಲ್ಲ, ಭಯ ಇರ್ತದೆ." ಶ್ರುತಿಪೆಟ್ಟಿಗೆ ರಿಪೇರಿಗೆಂದು ಶಿರಾಕ್ಕೆ ಹೋದಾಗ ಅಲ್ಲಿನ ಅಂಗಡಿಯ ಸಾಹೇಬರ ಹತ್ತಿರವೂ ಇವರು ಇದೇ ಗೋಳು ತೋಡಿಕೊಂಡರಂತೆ. ಸಾಹೇಬರು ಪೆಟ್ಟಿಗೆಯ ತಿದಿ ಒತ್ತಿ ನೋಡುತ್ತಾ, "ಮೇಷ್ಟ್ರೇ, ಇಷ್ಟು ದೇವ್ರುಗಳ ಲಡಾಯಿ ನಿಮಗ್ಯಾಕೆ? ನಿಮ್ಗೆ ಯಾರ್ದು ಡರ್ ಜಾಸ್ತಿ ಐತೆ, ಅವರ್ದೇ ನಾಮ ಹಾಕ್ಬುಡಿ" ಎಂದರಂತೆ. ಮನೆಗೆ ಬಂದು ನಗುತ್ತಾ ಹೇಳಿದರು. ಹಾಗಾದರೆ ನೀವು ಹೆದರುವುದು ನಿಮ್ಮ ಹೆಡ್ಮಾಸ್ತರಿಗೆ, ಅವರ ಹೆಸರೇ ಹಾಕಿ ಎಂದೆ.

ನಗು ಅಲ್ಲಿಗೆ ಮುಗಿಯಿತು. ಪರೀಕ್ಷೆಗೆಂದು ಇವರು ಮೈಸೂರಿಗೆ ಹೋಗಿ, ಕೃತಿ ಇನ್ನೂ ಮುಗಿದಿಲ್ಲವೆಂದು ತಾವೇ ಹೇಳಿ, ಒಪ್ಪಿಸದೆ ವಾಪಸು ಬಂದರು. ಹೌದು, ವಾಪಸು! ಒಂದು ಹೆಸರಿಲ್ಲವೆಂದು ಒಂದು ವರ್ಷವನ್ನೇ ನೀರಿಗೆ ಹಾಕಿ ಬಂದರು. ಶಿರಾದ ಶಾಲೆಯವರು ಇನ್ನೊಂದು ವರ್ಷ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದರು. ನಾನು ಆಗ ಓರಗಿತ್ತಿಯ ಒಲೆಯ ಮುಂದೆ ಹಿಟ್ಟಿನ ಕೋಲು ಹಿಡಿದು ನಿಂತಿದ್ದೆ. ಆ ಕೋಲು ನನ್ನ ಕೈಯಲ್ಲೇ ಉಳಿಯಿತಲ್ಲ, ಅದು ಅವರ ಪುಣ್ಯ.

"ದೇವ್ರು ಸಿಗ್ದಿದ್ರೆ ಕಲ್ಲಿನ ಹೆಸ್ರು ಹಾಕಿ, ಮರದ ಹೆಸ್ರು ಹಾಕಿ," ಎಂದೆ. "ನಂಗೊಂದು ಒಲೆ ಬೇಕು. ಈ ಮನೇಲಿ ನಾನು ಯಾರು? ನನ್ನ ಹೆಸ್ರಿಡಿದು ಕೇಳೋರು ಯಾರವ್ರೆ?"

ಅವರು ಉಣ್ಣದೆ ಎದ್ದು ಹೋಗಿ ಜಗುಲಿಯ ಮೇಲೆ ಕೂತರು. ನನಗೆ ಕನಿಕರ ಬರಲಿಲ್ಲ. ಬರಬೇಕಿತ್ತೇ?

ಅದಾದ ಕೆಲವು ದಿನಕ್ಕೆ ಹೊಸ ಹುಚ್ಚು ಶುರುವಾಯಿತು. ಕಟ್ಟಿದ್ದ ಹಾಡನ್ನೆಲ್ಲ ಬದಿಗಿಟ್ಟು ಮೊದಲಿಂದ ಕಟ್ಟಲು ಕೂತರು. ಹಾಡಿನ ಸಾಲುಗಳ ಎರಡನೆಯ ಅಕ್ಷರ ಒಂದೇ ಆಗಿರಬೇಕು, ಅದು ಪ್ರಾಸ. ಟ್ಟ ಬರುವ ಮಾತುಗಳು ಬೇಕು, ಹೇಳು ಎಂದು ನಾನು ಪಾತ್ರೆ ತಿಕ್ಕುವ ಕಡೆ ಬಂದು ನಿಂತರು. ಹಿಟ್ಟು ಎಂದು ಒಂದು ಪಾತ್ರೆ ಕುಕ್ಕಿದೆ. ತಟ್ಟೆ ಎಂದು ಇನ್ನೊಂದು ಕುಕ್ಕಿದೆ. ಸಿಟ್ಟು ಎಂದು ಎಲ್ಲಕ್ಕಿಂತ ದೊಡ್ಡ ಕೊಳದಪ್ಪಲೆಯನ್ನೇ ಕುಕ್ಕಿದೆ. ನೀವು ನನ್ನ ಬಿಟ್ಟು ಹೋದದ್ದು, ಅದರಲ್ಲೂ ಟ್ಟ ಇದೆ, ಬೇಕಾದರೆ ತಗೊಳ್ಳಿ ಎಂದೆ. ಬಹಳ ಸಂತೋಷದಿಂದ ತಲೆಯಾಡಿಸಿ ಹೋದರು. ಇಂಥವರ ಮೇಲೆ ಸಿಟ್ಟಾಗುವುದು ಕೂಡ ದಂಡ!

ಮತ್ತೆ ಪರೀಕ್ಷೆ ಬಂತು. ಮೈಸೂರಿಗೆ ಹೊರಡುವ ಹಿಂದಿನ ಸಂಜೆ ಮಲ್ಲೇಶ್ವರನ ಗುಡಿಯಲ್ಲಿ ಒಮ್ಮೆ ಹಾಡಿಸಿಬಿಡೋಣ ಎಂದು ಭಾವನೇ ಏರ್ಪಾಡು ಮಾಡಿದರು. ತಮ್ಮ ಕಡೆಯ ದೇವರು ಗೆದ್ದನೆಂದೇ ಅವರ ನಂಬಿಕೆ. ಹಾರ ತರಿಸಿ ತಟ್ಟೆಯಲ್ಲಿಟ್ಟುಕೊಂಡಿದ್ದರು. ಅತ್ತೆಯೂ ಗೆಲುವು ತಮ್ಮದೇ ಎಂದು ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಬಂದಿದ್ದರು. ನಾನು ಓರಗಿತ್ತಿಯ ಪಕ್ಕ, ಹೆಂಗಸರ ಸಾಲಿನಲ್ಲಿ, ಕಂಬಕ್ಕೆ ಒರಗಿ ಕೂತೆ. ಯಾವ ದೇವರಾದರೂ ಆಗಲಿ, ನಾಳೆ ಈ ಮನುಷ್ಯ ಹೋಗಿ ಹಾಡು ಒಪ್ಪಿಸಿ ಬಂದರೆ ಸಾಕು ಎಂಬುದೊಂದೇ ನನ್ನ ಪ್ರಾರ್ಥನೆಯಾಗಿತ್ತು.

ಇವರು ಶ್ರುತಿಪೆಟ್ಟಿಗೆ ಹಿಡಿದು, ಕಣ್ಣು ಮುಚ್ಚಿ, ಅದೇ ಗಂಟಲಲ್ಲಿ ಎತ್ತಿಕೊಂಡರು. ರಾಗ ಮೋಹನ.

"ಬಿಟ್ಟು ಹೋದೆನೆಂದು ಬಯ್ಯದಿರೇ" ಎಂದು ಪಲ್ಲವಿ. ಭಕ್ತ ದೇವಿಗೆ ಹೇಳುವ ಮಾತು ಎಂದು ಅತ್ತೆ ಕೈ ಮುಗಿದರು. ಭಾವನ ಹುಬ್ಬು ಗಂಟಾಯಿತು.

"ಹಿಟ್ಟಿಗೆ ಎಸರಿಟ್ಟು ಕಾದವಳೇ" ಎಂದರು. ಅರ್ಚಕರು ತಲೆ ಎತ್ತಿ ನೋಡಿದರು. ಯಾವ ದೇವಿ ಹಿಟ್ಟಿಗೆ ಎಸರಿಡುತ್ತಾಳೆ?

"ಸಿಟ್ಟಲಿ ತಟ್ಟೆಯ ಕುಕ್ಕಿದವಳೇ" ಎಂದಾಗ ಓರಗಿತ್ತಿ ಮೆಲ್ಲಗೆ ನನ್ನ ಕಡೆ ತಿರುಗಿದಳು. ಬೇಡ, ಬೇಡ ಎಂದುಕೊಂಡೆ. ನಾಳೆ ಪರೀಕ್ಷೆಗೆ ಹೊರಡುವ ಮನುಷ್ಯ, ಈ ಹುಚ್ಚಾಟ ಬೇಡ ಎಂದುಕೊಂಡೆ. ಅಷ್ಟರಲ್ಲಿ ಕೊನೆಯ ಸಾಲು ಬಂತು.

"ಪುಟ್ಟಮ್ಮ, ನೀನೊಲಿದರೆ ಸಾಕೆನಗೆ."

ಭಾವ ಹಾರದ ತಟ್ಟೆಯನ್ನು ಕೆಳಗಿಟ್ಟು ಎದ್ದು ನಿಂತರು.

"ಪುಟ್ಟಮ್ಮ ಅಂದ್ರೆ ಯಾವೂರ ದೇವ್ರಲಾ ಅದು?"

"ದೇವ್ರಲ್ಲ ಕಣಣ್ಣ," ಎಂದರು ಇವರು, ಶ್ರುತಿಪೆಟ್ಟಿಗೆಯನ್ನು ಮುಚ್ಚುತ್ತಾ. "ನಮ್ಮನೆಯೋಳು."

ಭಾವನಿಗೆ ಬಂದ ಕೋಪ ಅಷ್ಟಿಷ್ಟಲ್ಲ. ದೇವರ ಮುಂದೆ ಹೆಂಡತಿಯ ಹೆಸರು ಹಾಡಿದೆಯಾ, ಬೆಳಗಾಗುವುದರೊಳಗೆ ಅದನ್ನು ತೆಗೆದು ಸರಿಯಾದ ಹೆಸರು ಹಾಕದಿದ್ದರೆ ನನ್ನ ಹೊಸಲು ತುಳಿಯಬೇಡ ಎಂದರು. ಇವರು ತಲೆ ತಗ್ಗಿಸಿಯೇ ನಿಂತಿದ್ದರು. ಅಣ್ಣನ ಎದುರು ಎಂದೂ ದನಿ ಎತ್ತಿದವರಲ್ಲ, ಅವತ್ತೂ ಎತ್ತಲಿಲ್ಲ.

"ಅಂಕಿತ ಒಂದ್ಸಲ ಹಾಕಿದ್ ಮ್ಯಾಲೆ ಬದಲಾಯ್ಸಂಗಿಲ್ಲ ಅಣ್ಣ," ಎಂದರು.

ನನಗೆ ಮೊದಲು ಬಂದದ್ದು ಸಿಟ್ಟೇ. ನಾಲ್ಕು ಜನರ ಮುಂದೆ ಕೂಗಲಾರೆ ಎಂದವರು ಊರನ್ನೇ ಕೂರಿಸಿಕೊಂಡು ಕೂಗಿದರಲ್ಲ! ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ಹೆಂಗಸರೆಲ್ಲ ನಾನು ನಾಚಿಕೊಂಡೆನೆಂದು ತಿಳಿದರು. ನಾನು ಅಳುತ್ತಿದ್ದೆ. ಮದುವೆಯಾಗಿ ಅಷ್ಟು ವರ್ಷಕ್ಕೆ ಅವರ ಬಾಯಲ್ಲಿ ನನ್ನ ಹೆಸರು ಹೇಗೆ ಕೇಳಿಸುತ್ತದೆ ಎಂದು ನನಗೆ ಗೊತ್ತಾಗಿತ್ತು. ಆ ಒರಟು ಗಂಟಲಲ್ಲಿ ಅದು ಚೆನ್ನಾಗಿತ್ತು.

ಆ ರಾತ್ರಿ ಅರ್ಚಕರ ಜಗುಲಿಯ ಮೇಲೆ ಮಲಗಿ, ಬೆಳಿಗ್ಗೆ ಬಸ್ಸು ಹತ್ತಿದರು. ಮೈಸೂರಿನಲ್ಲಿಯೂ ಇದು ಯಾವ ದೇವತೆ ಎಂದು ಕೇಳಿದರಂತೆ, ಅಲ್ಲಿಯೂ ಅದೇ ಉತ್ತರ ಕೊಟ್ಟರಂತೆ. ಕೇಳಿದವರು ನಕ್ಕು, ಇನ್ನೊಮ್ಮೆ ಹಾಡಿಸಿ, ಪಾಸು ಮಾಡಿದರಂತೆ. ಶಿರಾದ ಮನೆಯಲ್ಲಿ ನಾನು ಒಲೆ ಹಚ್ಚಿದ ದಿನ ಅತ್ತೆ ಬಂದು ಹಾಲುಕ್ಕಿಸಿದರು. ಭಾವ ಮಾತ್ರ ಬಹಳ ಕಾಲ ಬರಲಿಲ್ಲ. ಹೊಗೆಯಲ್ಲಿ ಕಣ್ಣು ಉಜ್ಜುತ್ತಾ, ಇನ್ನಾದರೂ ಹೆಸರು ಹಿಡಿದು ಕರೆಯುತ್ತಾರೇನೋ ಎಂದು ಕಿವಿ ನಿಗುರಿಸಿ ಕೂತಿದ್ದೆ. ಹೊರಗಿನಿಂದ "ಲೇ, ಹಿಟ್ಟಾಯ್ತಾ?" ಎಂದು ಕೇಳಿಸಿತು. ಕೊನೆಯವರೆಗೂ ಅದೇ "ಲೇ". ಹೆಸರು ಬೇಕಾದರೆ ಹಾಡನ್ನೇ ಹಾಡಿಸಬೇಕಿತ್ತು. ಆಮೇಲೆ ಹಲವು ಕೃತಿ ಕಟ್ಟಿದರು, ಎಲ್ಲದಕ್ಕೂ ಅದೇ ಅಂಕಿತ. ಯಾರೂ ಅವನ್ನು ಕಚೇರಿಯಲ್ಲಿ ಹಾಡಲಿಲ್ಲ. ಯಾರು ಹಾಡುತ್ತಾರೆ, ನನ್ನ ಹೆಸರಿನ ಹಾಡನ್ನು?

ಬಿಟ್ಟು ಹೋದೆನೆಂದು ಬಯ್ಯದಿರು ಎಂದು ಅವತ್ತೇ ಹಾಡಿಟ್ಟಿದ್ದ ಮನುಷ್ಯ, ಕೊನೆಗೊಂದು ದಿನ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳದೆ, ಮತ್ತೊಮ್ಮೆ ಬಿಟ್ಟು ಹೋದರು. ಬಯ್ಯದೆ ಇರುತ್ತೇನೆಯೇ? ದಿನವೂ ಬಯ್ಯುತ್ತೇನೆ. ಬಯ್ದು ಸಾಕಾದಾಗ, ಒಲೆಯ ಮುಂದೆ ಕೂತು, ಆ ಹಾಡನ್ನು ಮೆಲ್ಲಗೆ ಹೇಳಿಕೊಳ್ಳುತ್ತೇನೆ. ಕೊನೆಯ ಸಾಲು ಬಂದಾಗ ನನ್ನ ಹೆಸರನ್ನು ತೆಗೆದು, ಆ ಜಾಗದಲ್ಲಿ ಅವರ ಹೆಸರನ್ನು ಹಾಡುತ್ತೇನೆ. ಪ್ರಾಸ ಕೆಡುತ್ತದೆ. ಕೆಡಲಿ.