ನಮ್ಮ ಮನೆತನದ ಗಂಟಲು

ಅಪ್ಪ ರೊಟ್ಟಿಯ ಮೂರು ತುತ್ತು ನುಂಗಿ, ಒಂದು ಗುಟುಕು ನೀರು ಕುಡಿದು, ಎದ್ದು ನಿಂತು ಎರಡೂ ಕೈ ಮೇಲೆತ್ತುತ್ತಾರೆ. ಎದೆಯಲ್ಲಿ ನಿಂತ ತುತ್ತು ಇಳಿದ ಮೇಲೆ ಮತ್ತೆ ಕೂಡುತ್ತಾರೆ. ಸಿಂದಗಿಯ ನಮ್ಮ ಮನೆಯಲ್ಲಿ ಇದು ದಿನಕ್ಕೆರಡು ಸಲ ನಡೆಯುವುದರಿಂದ ಇಂಥ ಪ್ರಸಂಗಗಳಿಗೆ ಬರವಿಲ್ಲ.

೧. ಪಹಣಿ

ಅಪ್ಪನ ಪ್ಯಾಂಟು ಸಡಿಲಾಗತೊಡಗಿದಾಗ ವಿಜಯಪುರದಲ್ಲಿ ಡಾಕ್ಟರಿಗೆ ತೋರಿಸಿದೆವು. ಅನ್ನನಾಳದ ಕೆಳಬಾಯಿ ಸರಿಯಾಗಿ ತೆರೆಯುತ್ತಿಲ್ಲ, ಬೇಗ ಚಿಕಿತ್ಸೆ ಆಗಬೇಕು, ಇದು ಮನೆತನದಲ್ಲೇ ಬಂದಿರಬಹುದು, ಮಕ್ಕಳಿಗೂ ತುತ್ತು ನಿಂತರೆ ಕರೆತನ್ನಿ ಎಂದು ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಇಂಗ್ಲಿಷ್ ಮೀಡಿಯಂ ಮಗಳಾದ ನಾನು ಓದಿ ಹೇಳಿದೆ. ಅಪ್ಪ ಹಿಡಿದುಕೊಂಡದ್ದು 'ಮನೆತನ' ಎಂಬ ಮಾತನ್ನಷ್ಟೇ.

"ನಮ್ಮಪ್ಪಗೂ ಇತ್ತು, ಅಕ್ಕಗೂ ಐತಿ. ನೋಡ್ರಿ, ಡಾಕ್ಟರೇ ಬರದಾರ," ಎಂದು ಆ ಚೀಟಿಯನ್ನು ಹೊಲದ ಪಹಣಿಯ ಹಾಗೆ ಓಣಿಗೆಲ್ಲ ತೋರಿಸಿದರು. ಚಿಕಿತ್ಸೆಗೆ ಮಾತ್ರ ಹೋಗಲಿಲ್ಲ. ಪಿತ್ರಾರ್ಜಿತ ಆಸ್ತಿ ಯಾರು ಕಳೆದುಕೊಳ್ಳುತ್ತಾರೆ?

೨. ತಪ್ಪು ಯಾರದು

ಇಂಡಿ ಊರಿನಿಂದ ಬರುವ ಸೋದರತ್ತೆಗೂ, ಅಂದರೆ ಅಪ್ಪನ ಅಕ್ಕನಿಗೂ, ಅದೇ ಗಂಟಲು. ಆದರೆ ಅವರ ಪ್ರಕಾರ ತಪ್ಪು ಅವ್ವನ ರೊಟ್ಟಿಯದು. "ತೆಳ್ಳಗ ಬಡೀಬೇಕವಾ ತಂಗಿ. ಇವು ಹ್ಯಾಂಗ ಇಳೀತಾವ?" ಅವ್ವ ಹಾಳೆಯಂಥ ರೊಟ್ಟಿ ಬಡಿದಳು. ಅದೂ ನಿಂತಿತು. ಅನ್ನ ಬಡಿಸಿದಳು, ನಿಂತಿತು. ಕಡೆಗೆ ನೀರೇ ನಿಂತಾಗ ಅತ್ತೆ ಹೇಳಿದರು: "ನಿಮ್ಮೂರ ನೀರೂ ಗಡಸು ಬಿಡು."

೩. ಅಳಿಯ

ಅಕ್ಕನ ಗಂಡ ಮುದ್ದೇಬಿಹಾಳದವರು. ಮದುವೆಯಾದ ಮೇಲೆ ಮೊದಲ ಸಲ ನಮ್ಮಲ್ಲಿ ಉಣ್ಣಲು ಕೂತಿದ್ದರು. ಅಪ್ಪ ಎದ್ದು ಕೈ ಎತ್ತಿದರು. ಅತ್ತೆಯೂ ಎದ್ದು ಎತ್ತಿದರು. ಭಾವ ಹೋಳಿಗೆ ಕೆಳಗಿಟ್ಟು, ಭಕ್ತಿಯಿಂದ ಎದ್ದು ತಾವೂ ಎತ್ತಿದರು. ಮನೆಯ ಪದ್ಧತಿ ಎಂದುಕೊಂಡಿದ್ದರಂತೆ. ಅಳಿಯನನ್ನು ಯಾರು ತಿದ್ದಬೇಕು? ಈಗಲೂ ಎತ್ತುತ್ತಾರೆ.

೪. ಕನ್ಯಾ ನೋಡಲು ಬಂದವರು

ಹೋದ ತಿಂಗಳು ಬಸವನ ಬಾಗೇವಾಡಿಯಿಂದ ಒಂಬತ್ತು ಮಂದಿ ನನ್ನನ್ನು ನೋಡಲು ಬಂದರು. ಆರು ತಿಂಗಳಿಂದ ನನಗೂ ತುತ್ತು ನಿಲ್ಲುತ್ತಿದೆ. ಓಣಿಗೆಲ್ಲ ಚೀಟಿ ತೋರಿಸಿದ ಅಪ್ಪ ಅದನ್ನು ಅವತ್ತು ಗಾದಿಯ ಕೆಳಗೆ ಮುಚ್ಚಿಟ್ಟರು. "ನೀ ಏನೂ ತಿನಬ್ಯಾಡ, ಮನಿತನದ ಮರ್ಯಾದಿ ಐತಿ," ಎಂದರು ಅತ್ತೆ.

ಹುಡುಗನ ತಾಯಿ ಪ್ರೀತಿಯಿಂದ ಒಂದು ಚಮಚ ಶಿರಾ ನನ್ನ ಬಾಯಿಗೇ ಇಟ್ಟರು. ಅದು ಎದೆಯಲ್ಲಿ ನಿಂತಿತು. ನನ್ನ ಎರಡೂ ಕೈ ತಾವೇ ಮೇಲೆದ್ದವು. ಎಲ್ಲರೂ ನೋಡುತ್ತಿದ್ದಂತೆ ಭಾವ ಎದ್ದು ತಮ್ಮ ಕೈಗಳನ್ನೂ ಎತ್ತಿ, "ಇವರಲ್ಲಿ ಇದು ಪದ್ಧತಿರಿ," ಎಂದು ವಿವರಿಸಿದರು. ಬೀಗರಾಗಲು ಬಂದವರು ಸುಮ್ಮನೆ ಕೂಡುತ್ತಾರೆಯೇ? ಒಬ್ಬೊಬ್ಬರಾಗಿ ಒಂಬತ್ತೂ ಮಂದಿ ಎದ್ದು ಕೈ ಎತ್ತಿದರು. ಹುಡುಗ ಚಹಾದ ಕಪ್ಪು-ಬಸಿಯ ಸಮೇತ ಎತ್ತಿದ.

ನನ್ನ ಶಿರಾ ಇಳಿಯಿತು. ಕನ್ಯಾ ಪಸಂದಾಗಿದೆ, ಸಂಸ್ಕಾರವಂತ ಮನೆತನ ಎಂದು ಹೇಳಿ ಅವರು ಹೋದರು.

ಆಮೇಲೆ ನಾನು ಅಪ್ಪನ ಎದುರು ಕೂತು ಹೇಳಿದೆ: "ಅಪ್ಪಾ, ಅವರಿಗೆ ಖರೇ ಹೇಳೂಣ. ನಾಳೆ ಇಬ್ಬರೂ ಕೂಡೇ ವಿಜಯಪುರಕ್ಕ ಹೋಗೂಣ, ಬರ್ರಿ."

ಅಪ್ಪ ಉಳಿದ ಶಿರಾ ಬಾಯಿಗೆ ಹಾಕಿಕೊಂಡು, ಎದ್ದು ನಿಂತು, ಎರಡೂ ಕೈ ಮೇಲೆತ್ತಿದರು.