ಕ್ಯಾತನಹಳ್ಳಿಯ ಬೆಲ್ಲದಿಂದ ಕೆಟ್ಟ ವಿದೇಶ ಸಂಬಂಧ

ಪ್ರಧಾನ ಸಂಪಾದಕರಿಗೆ,
ವಿಶ್ವದರ್ಶಿ ಅಂತರರಾಷ್ಟ್ರೀಯ ಸುದ್ದಿವಾಹಿನಿ.

ಮಾನ್ಯರೇ,

ಭೂಮಂಡಲದ ಅಷ್ಟೂ ದೇಶಗಳ ಜಗಳವನ್ನು ಒಂದೇ ಗಾಜಿನ ಮೇಜಿನ ಮೇಲೆ ಹರಡಿಕೊಂಡು ಕೂತಿರುವ ತಮ್ಮ ಸನ್ನಿಧಾನಕ್ಕೆ, ಶ್ರೀರಂಗಪಟ್ಟಣದ ಗಂಜಾಂನಲ್ಲಿ ಒಂದು ಬಾಡಿಗೆ ಕಾರು, ಒಂದು ಗೂಡ್ಸ್ ಆಟೊ ಇಟ್ಟುಕೊಂಡು ಬದುಕುವ ಜಹೀರುದ್ದೀನ್ ಎಂಬ ನಾನು ಸಲಾಮು, ನಮಸ್ಕಾರ ಎರಡನ್ನೂ ಸಲ್ಲಿಸುತ್ತಿದ್ದೇನೆ. ತಾವು ನನ್ನನ್ನು ಮರೆತಿರಲಾರಿರಿ. ತಮ್ಮ ಪರದೆಯ ಮೇಲೆ ತಲೆಯ ಸುತ್ತ ಕೆಂಪು ಬಳೆ ಬರೆಸಿಕೊಂಡು ‘ಗುಂಪಿನ ಮುಖಂಡ’ ಎಂಬ ಪದವಿಯೊಂದಿಗೆ ಕಾಣಿಸಿಕೊಂಡ ನೀಲಿ ಅಂಗಿಯವನು ನಾನೇ. ಮೂವತ್ತು ವರ್ಷ ಸ್ಟೀರಿಂಗ್ ಹಿಡಿದರೂ ನಮ್ಮ ಬೀದಿಯವರು ಕೊಡದ ಮುಖಂಡತ್ವವನ್ನು ತಾವು ಅರ್ಧ ನಿಮಿಷದಲ್ಲಿ ಕೊಟ್ಟಿರಿ; ಆ ಉಪಕಾರಕ್ಕೆ ಮೊದಲು ಕೃತಜ್ಞತೆ.

ತಮ್ಮ ಘನ ವಾಹಿನಿಗೆ ತಿಳಿಯದೇ ಹೋದ ಒಂದೆರಡು ಸಂಗತಿಗಳನ್ನು ವಿನಯದಿಂದ ನಿವೇದಿಸಿಕೊಳ್ಳುತ್ತೇನೆ. ಅಂದು ನನ್ನ ಕಾರಿನಲ್ಲಿ ಬಂದವರು ಒಂದು ದೇಶದ ರಾಯಭಾರಿಗಳು. ಯಾವ ದೇಶ ಎಂದು ಬರೆದರೆ ಮತ್ತೊಂದು ಖಂಡನಾ ಹೇಳಿಕೆ ಹೊರಬಿದ್ದೀತೆಂಬ ಭಯದಿಂದ ಬರೆಯುತ್ತಿಲ್ಲ. ದೆಹಲಿಯಲ್ಲಿ ಆ ದೇಶಕ್ಕೂ ನಮ್ಮ ದೇಶಕ್ಕೂ ನಡುವೆ ಸಕ್ಕರೆ ವ್ಯಾಪಾರದ ಮಾತುಕತೆ ನಡೆದಿತ್ತು. ಬಿಡುವಿನಲ್ಲಿ ನಮ್ಮ ಕಡೆ ಬಂದಿದ್ದ ಅವರಿಗೆ ಆಲೆಮನೆ ನೋಡುವ ಮನಸ್ಸಾಯಿತು. ನಾನು ಅವರನ್ನು ಪಾಂಡವಪುರದ ಕಡೆಯ ಕ್ಯಾತನಹಳ್ಳಿಗೆ, ರಂಗಸ್ವಾಮಿಯವರ ಆಲೆಮನೆಗೆ ಕರೆದುಕೊಂಡು ಹೋದೆ. ಅವರ ಬೆಲ್ಲವನ್ನು ಸಾಗಿಸುವವನು ನಾನೇ. ರಂಗಸ್ವಾಮಿಯವರ ಹೆಂಡತಿ ಪುಟ್ಟತಾಯಮ್ಮನವರನ್ನು ನಾನು ಅಕ್ಕ ಎನ್ನುತ್ತೇನೆ. ತಮ್ಮ ವರದಿಗಾರರೂ ಕ್ಯಾಮೆರಾದವರೂ ಹಿಂದಿನ ಗಾಡಿಯಲ್ಲಿ ಬಂದರು.

ಈಗ ನಮ್ಮ ಕಡೆಯ ಒಂದು ರೀತಿಯನ್ನು ಹೇಳಬೇಕು. ನಮ್ಮಲ್ಲಿ ‘ತಿನ್ನಿ’ ಎಂದ ಕೂಡಲೇ ಯಾರೂ ತಿನ್ನುವುದಿಲ್ಲ. ಮೊದಲು ಬೇಡ ಎನ್ನಬೇಕು, ಆಮೇಲೂ ಬೇಡ ಎನ್ನಬೇಕು, ಕೊಡುವವರು ಕೈ ಹಿಡಿದು ಕೂರಿಸಬೇಕು, ಅನಂತರ ‘ಸರಿ, ನಿಮ್ಮ ಸಮಾಧಾನಕ್ಕೆ’ ಎಂದು ತಿನ್ನಬೇಕು. ಮೊದಲ ಮಾತಿಗೇ ಬಾಯಿ ಹಾಕಿದವನು ಹೊಟ್ಟೆಬಾಕ, ಮೊದಲ ಬೇಡಕ್ಕೇ ಸುಮ್ಮನಾದವಳು ಜಿಪುಣಿ. ಈ ವಿದ್ಯೆಯಲ್ಲಿ ನಮ್ಮಕ್ಕನನ್ನು ಮೀರಿಸಿದವರಿಲ್ಲ. ನಾನು ರೋಜಾ ಉಪವಾಸ ಇದ್ದ ದಿನ ಮಾತ್ರ ನನ್ನನ್ನು ಬಿಡುತ್ತಾರೆ, ಅದೂ ಸಂಜೆಗೆ ಬುತ್ತಿ ಕಟ್ಟಿಕೊಟ್ಟು. ಅಂದು ಕೊಪ್ಪರಿಗೆಯಿಂದ ಆಗಷ್ಟೇ ಇಳಿದ ಬಿಸಿ ಬೆಲ್ಲವನ್ನು ಕೊಬ್ಬರಿ ಚೂರಿನೊಂದಿಗೆ ತಂದಾಗ ರಾಯಭಾರಿಗಳು ಅಂಗೈ ಎತ್ತಿ ಬೇಡ ಎಂದರು. ಅಕ್ಕ ಮತ್ತೆ ಕೊಟ್ಟರು, ಅವರು ಹಿಂದಕ್ಕೆ ಸರಿದರು. ಎಲ್ಲವೂ ಪದ್ಧತಿಯ ಪ್ರಕಾರವೇ ನಡೆಯುತ್ತಿದೆ, ಫಾರಿನ್ನಿನವರಾದರೂ ಎಷ್ಟು ಸಂಸ್ಕಾರವಂತರು ಎಂದು ನಾವೆಲ್ಲ ಮೆಚ್ಚಿಕೊಂಡೆವು. ಆಗ ಅಕ್ಕ ಅವರ ಮುಂಗೈ ಹಿಡಿದು, “ಅದೆಂಗ್ ಬುಟ್ಟೇನು? ಆಲೆಮನೆಗ್ ಬಂದು ಬಾಯ್ ಸೀ ಮಾಡ್ಕಳ್ದೆ ಓಗ್ಬುಟ್ರೆ ನಮ್ ಮರ್ವಾದೆ ಏನಾಯ್ತದೆ? ಕುಂತ್ಕಳಿ ಸ್ವಾಮಿ” ಎಂದು ಎಳೆದು ಕೂರಿಸಿದರು. ಹಿಂದಿನಿಂದ ನಾನೂ ಕೈಯೆತ್ತಿ, ತಿನ್ನಿ ಸಾರ್ ಎಂದು ಕೂಗಿದೆ. ನನ್ನ ಮುಖಂಡತ್ವ ಅಷ್ಟೇ. ರಾಯಭಾರಿಗಳು ಕೂತರು, ತಿಂದರು, ಬೆರಳು ನೆಕ್ಕಿದರು, ಇನ್ನೊಂದು ತುಂಡಿಗೆ ತಾವಾಗಿಯೇ ಕೈಯೊಡ್ಡಿದರು.

ತಮ್ಮ ಕ್ಯಾಮೆರಾ ಇಷ್ಟನ್ನೂ ನೋಡಿತು. ತಮ್ಮ ವಾಹಿನಿ ಮುಂಗೈ ಹಿಡಿದದ್ದನ್ನು ಮಾತ್ರ ನೋಡಿತು. ಮಾತನ್ನು ತೆಗೆದು, ಅದರ ಜಾಗದಲ್ಲಿ ಯುದ್ಧಕ್ಕೆ ಹೊರಟವರ ನಗಾರಿ ಸದ್ದು ಸೇರಿಸಿ, ‘ಕಬ್ಬು ಬೆಳೆಗಾರರಿಂದ ರಾಯಭಾರಿಗೆ ಘೇರಾವ್’ ಎಂದು ಲೋಕಕ್ಕೆ ಸಾರಿದಿರಿ. ಮಾನ್ಯರೇ, ನಾನು ಓದಿದವನಲ್ಲ, ಆದರೂ ಮೆಚ್ಚದೆ ಇರಲಾರೆ. ಎರಡು ದೇಶ ಕೆಡಲು ಹಿಂದೆ ಗಡಿ ಬೇಕಿತ್ತು, ಗೂಢಚಾರರು ಬೇಕಿತ್ತು. ತಾವು ಒಂದು ಅಂಗೈ ಬೆಲ್ಲದಲ್ಲಿ ಮುಗಿಸಿದಿರಿ. ಅವರ ಸರ್ಕಾರ ತಮ್ಮನ್ನು ನೋಡಿ ಕಳವಳಪಟ್ಟಿತು, ನಮ್ಮ ಸರ್ಕಾರ ಅವರ ಕಳವಳವನ್ನು ತಮ್ಮಲ್ಲೇ ನೋಡಿ ವಿಷಾದಪಟ್ಟಿತು, ಸಕ್ಕರೆಯ ಮಾತುಕತೆಯನ್ನು ಮುಂದೂಡಿದರು. ರಾಯಭಾರಿಗಳು ‘ನಾನು ಬೆಲ್ಲ ತಿಂದೆ, ಚೆನ್ನಾಗಿತ್ತು’ ಎಂದು ಹೇಳಿದ್ದನ್ನು ತಮ್ಮ ತಜ್ಞರು ‘ಒತ್ತಡದಲ್ಲಿ ಕೊಟ್ಟ ಹೇಳಿಕೆ’ ಎಂದು ವಿವರಿಸಿದರು. ಕೈ ಹಿಡಿದಿದ್ದ ಕೋನವನ್ನು ಬಾಣದ ಗುರುತು ಹಾಕಿ ತೋರಿಸಿದ ಆ ತಜ್ಞರು ಯಾವತ್ತಾದರೂ ನೆಂಟರ ಮನೆಗೆ ಹೋಗಿದ್ದಾರೆಯೇ ಎಂದು ಕೇಳುವ ಅಧಿಕಪ್ರಸಂಗ ನಾನು ಮಾಡುವುದಿಲ್ಲ.

ವಿಚಾರಣೆಗೆ ಬಂದ ಅಧಿಕಾರಿಗಳು ಅಕ್ಕನನ್ನು ತಾವು ಯಾವ ಸಂಘಟನೆಯವರು ಎಂದು ಕೇಳಿದರು. ಅಕ್ಕ, “ಆಲಿನ್ ಡೈರಿ ಸಂಘ ಕಣಪ್ಪ, ಬೆಳಗ್ಗೆ ಸಾಯಂಕಾಲ ಎಲ್ಡ್ ಒತ್ತೂ ಓಯ್ತೀನಿ” ಎಂದರು.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಎರಡು ದೇಶಗಳ ಮಂತ್ರಿಗಳು ಮೊನ್ನೆ ಮೂರನೆಯ ದೇಶವೊಂದರಲ್ಲಿ ಕೈಕುಲುಕಿ ಒಟ್ಟಿಗೆ ಊಟ ಮಾಡಿದ್ದನ್ನು ತಾವೇ ‘ಮಂಜು ಕರಗಿತು’ ಎಂದು ತೋರಿಸಿದಿರಿ, ಸಂತೋಷ. ಆದರೆ ಈ ನಡುವೆ ಅಕ್ಕನ ಒಡಹುಟ್ಟಿದ ತಂಗಿ, ನಾಗಮಂಗಲದ ಪುಟ್ಟಗೌರಮ್ಮನವರು, ಮಗಳು ಮೇಘನಳ ಮದುವೆ ಕರೆಯಲು ಬಂದಿದ್ದರು. ಅಕ್ಕ ಊಟಕ್ಕೆ ಏಳು ಎಂದರು. ತಂಗಿ ರೂಢಿಯಂತೆ ಬೇಡ ಎಂದರು. ಅಕ್ಕ ಸುಮ್ಮನೆ ಪಾತ್ರೆಗೆ ಮುಚ್ಚಳ ಹಾಕಿದರು. ಕರೆಯಲು ಬಂದವರು ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿದರು. ಹತ್ತುವ ಮೊದಲು ದಾರಿಯಲ್ಲಿ ಸಿಕ್ಕ ನನ್ನೊಡನೆ, “ಇನ್ನೊಂದ್ ಮಾತ್ ಏಳಿದ್ರೆ ಅವಳ ಗಂಟೇನ್ ಓಗದು? ನಾನ್ ಬ್ಯಾಡ್ವಾದೆ ಬುಡು” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಹೋಗಿ ಕೇಳಿದ್ದಕ್ಕೆ ಅಕ್ಕ, “ಬ್ಯಾಡ ಅಂದವ್ರ ಕೈ ಇಡೀಬಾರ್ದಂತೆ ಕಣ್ಲಾ ಜಹೀರು. ಪ್ರಪಂಚ್ವೇ ನೋಡಿ ಉಗೀತಲ್ಲ” ಎಂದರು. ಆ ಮಾತು ಕೇಳಿ ನನಗೆ ಆದ ಸಂಕಟವನ್ನು ಸಭ್ಯವಾದ ಪತ್ರದಲ್ಲಿ ಬರೆಯಲು ಬರುವುದಿಲ್ಲ. ಮುಂದಿನ ತಿಂಗಳು ಮದುವೆ. ಇಬ್ಬರೂ ಫೋನು ಮಾಡುತ್ತಿಲ್ಲ. ದೊಡ್ಡಮ್ಮ ಇಲ್ಲದೆ ಹಸೆಗೆ ಕೂರುವುದಿಲ್ಲ ಎಂದು ಮೇಘನ ಹಟ ಹಿಡಿದಿದ್ದಾಳೆ.

ಆದಕಾರಣ ತಾವು ದಯಮಾಡಿ ಈ ಕೆಳಗಿನಂತೆ ನಡೆದುಕೊಳ್ಳಬೇಕಾಗಿ ಪ್ರಾರ್ಥನೆ. ದೇಶಗಳನ್ನು ಒಂದು ಸಂಜೆಯಲ್ಲಿ ಕೆಡಿಸಿ, ಇನ್ನೊಂದು ಸಂಜೆಯಲ್ಲಿ ಸೇರಿಸಬಲ್ಲ ತಾವು ಕ್ಯಾತನಹಳ್ಳಿಗೂ ನಾಗಮಂಗಲಕ್ಕೂ ನಡುವೆ ಉನ್ನತ ಮಟ್ಟದ ಮಾತುಕತೆ ಏರ್ಪಡಿಸಬೇಕು. ಜಾಗ ಬೇಕಾದರೆ ಪಾಂಡವಪುರದ ಬಸ್ ಸ್ಟ್ಯಾಂಡಿನ ಟೀ ಅಂಗಡಿಯನ್ನು ತಟಸ್ಥ ನೆಲವೆಂದು ಘೋಷಿಸಲು ಅಂಗಡಿಯವರು ಒಪ್ಪಿದ್ದಾರೆ. ತಮ್ಮ ತಜ್ಞರು ಬಾಣದ ಗುರುತುಗಳ ಸಮೇತ ಬಂದು, ತಂಗಿಯ ಮೊದಲನೆಯ ಬೇಡಕ್ಕೂ ಎರಡನೆಯ ಬೇಡಕ್ಕೂ ಇರುವ ವ್ಯತ್ಯಾಸವನ್ನು ಅಕ್ಕನಿಗೆ ಮತ್ತೆ ಕಲಿಸಬೇಕು. ಇದ್ಯಾವುದೂ ಆಗದಿದ್ದರೆ, ರಾಯಭಾರಿಗಳು ತಾವಾಗಿ ಕೈಯೊಡ್ಡಿದ ಆ ತುಣುಕೊಂದನ್ನು, ನಗಾರಿ ಇಲ್ಲದೆ, ಮದುವೆಗೆ ಮೊದಲು ಒಂದೇ ಒಂದು ಸಲ ತೋರಿಸಿ. ಪ್ರಪಂಚ ನೋಡದಿದ್ದರೂ ನಡೆದೀತು, ನಮ್ಮಕ್ಕ ನೋಡಿದರೆ ಸಾಕು.

ತಮ್ಮ ಸುದ್ದಿಯಲ್ಲಲ್ಲದೆ ಮಿಕ್ಕೆಲ್ಲದರಲ್ಲೂ ತಮ್ಮ ವಿಶ್ವಾಸಿ,
ಜಹೀರುದ್ದೀನ್
ಗಂಜಾಂ, ಶ್ರೀರಂಗಪಟ್ಟಣ

ತಾಜಾ ಕಲಮು: ಅಂದು ತಮ್ಮ ವರದಿಗಾರರೂ ಎರಡು ಸಲ ಬೇಡ ಎಂದರು, ಅಕ್ಕ ಅವರ ಕೈಯನ್ನೂ ಹಿಡಿದು ಕೂರಿಸಿದರು, ಅವರು ತಿಂದು, ಮನೆಗೂ ಒಂದು ಅಚ್ಚು ಬೆಲ್ಲ ಕಟ್ಟಿಸಿಕೊಂಡು ಹೋದರು. ಅದರ ವಿಡಿಯೊ ನನ್ನ ಫೋನಿನಲ್ಲಿದೆ. ಬೇರೆ ವಾಹಿನಿಗಳವರು ಕೇಳುತ್ತಿದ್ದಾರೆ. ಅಕ್ಕ ಕೊಡಬೇಡ ಎಂದಿದ್ದಾರೆ. ಮನೆಗೆ ಬಂದು ತಿಂದವರ ಮಾನ ಕಳೆಯುವುದು ಅವರಿಗೆ ಇನ್ನೂ ಅಭ್ಯಾಸವಾಗಿಲ್ಲ.