ತಿಮ್ಮಣ್ಣನ ‘ಬರ್ತೇನಿ’

ಎಲ್ಲ ರಗಳೆಗೂ ಕಾರಣ ಶನಿವಾರ ಮಧ್ಯಾಹ್ನ ಸವಣೂರಿನ ಮೇಲೆ ಹೇಳದೆ ಕೇಳದೆ ಸುರಿದ ಮಳೆ. ಅಂದು ನಡೆಯಬೇಕಿದ್ದ ಟೆನಿಸ್ ಬಾಲ್ ಕ್ರಿಕೆಟ್ಟಿನ ಫೈನಲ್ ಪಂದ್ಯ ನೀರುಪಾಲಾಯಿತು. ಸಂಘಟಕರು ಕೊಡೆಯ ಕೆಳಗೇ ಸಭೆ ಸೇರಿ, ನಾಳೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪಂದ್ಯ ಎಂದು ಸಾರಿಬಿಟ್ಟರು. ಊರಿಗೆಲ್ಲ ಅನುಕೂಲದ ಹೊತ್ತು. ಇಡೀ ಸವಣೂರಿನಲ್ಲಿ ಆ ಮಾತಿಗೆ ಎದೆ ಧಸಕ್ಕೆಂದದ್ದು ಒಬ್ಬನಿಗೆ ಮಾತ್ರ.

ಅವನ ಹೆಸರು ತಿಮೋತಿ. ಊರವರ ಬಾಯಲ್ಲಿ ತಿಮ್ಮಣ್ಣ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವುದು ಅವನ ಕಸುಬು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವನು ಇರಬೇಕಾದ ಜಾಗ ವೀಳ್ಯದೆಲೆ ಬಳ್ಳಿಯ ತೋಟಗಳ ಹಾದಿಯಲ್ಲಿರುವ ಪುಟ್ಟ ಚರ್ಚು, ಅಲ್ಲಿನ ಹಾರ್ಮೋನಿಯಂ ಮುಂದೆ. ಒಂಬತ್ತು ಮನೆಗಳ ಸಭೆ ಅದು. ಮೂರು ವರ್ಷದ ಹಿಂದೊಮ್ಮೆ ತಿಮ್ಮಣ್ಣ ಜ್ವರ ಬಂದು ಮಲಗಿದಾಗ ಆ ಒಂಬತ್ತು ಮನೆಯವರೂ ಒಂದೇ ಕೀರ್ತನೆಯನ್ನು ತಮ್ಮ ತಮ್ಮ ಧಾಟಿಯಲ್ಲಿ ಹಾಡಿದ್ದರು. ಪಾಸ್ಟರು ಕಣ್ಣು ಮುಚ್ಚಿಕೊಂಡಿದ್ದರಂತೆ. ಅದು ಪ್ರಾರ್ಥನೆಗೋ ಸಂಕಟಕ್ಕೋ ಯಾರಿಗೂ ತಿಳಿಯಲಿಲ್ಲ.

ಹಾರ್ಮೋನಿಯಂಗಿಂತ ದೊಡ್ಡದು ಹರಕೆ. ಎರಡು ವರ್ಷದ ಕೆಳಗೆ ತಾಯಿ ರೂತವ್ವ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡುತ್ತಿದ್ದಾಗ ತಿಮ್ಮಣ್ಣ ಹೊರಗಿನ ಬೆಂಚಿನ ಮೇಲೆ ಕುಳಿತು, "ಅವ್ವನ್ನ ಉಳಿಸಿಕೊಡು ಸ್ವಾಮಿ, ಇನ್ನ ಮ್ಯಾಲ ಒಂದ ರವಿವಾರಾನೂ ಆರಾಧನಿ ತಪ್ಪಸಂಗಿಲ್ಲ" ಎಂದು ಅತ್ತಿದ್ದ. ಅವ್ವ ಉಳಿದಳು. ಮನೆಗೆ ಬಂದ ಮರುದಿನವೇ ಸಾರಿಗೆ ಉಪ್ಪು ಕಡಿಮೆ ಎಂದು ಬೈಯಲೂ ಶುರು ಮಾಡಿದಳು. ಅಂದಿನಿಂದ ತಿಮ್ಮಣ್ಣ ಮಾತು ತಪ್ಪಿರಲಿಲ್ಲ.

ಆದರೆ ಫೈನಲ್ಲೂ ಸಣ್ಣ ಸಂಗತಿಯಲ್ಲ. ತಿಮ್ಮಣ್ಣ ಸವಣೂರು ತಂಡದ ವಿಕೆಟ್ ಕೀಪರು. ವಯಸ್ಸು ನಲವತ್ತರ ಹತ್ತಿರ ಬಂದಿತ್ತು. ವಿಕೆಟ್ಟಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತರೆ ಮೊಣಕಾಲು ಹಳೇ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಇದೇ ಕಡೆಯ ವರ್ಷ ಎಂದು ತನ್ನಷ್ಟಕ್ಕೆ ತಾನೇ ತೀರ್ಮಾನ ಮಾಡಿಕೊಂಡಿದ್ದ. ಇಷ್ಟು ವರ್ಷ ಆಡಿದರೂ ಅವನು ಗೆದ್ದವರ ಕಪ್ಪು ಮುಟ್ಟಿದ್ದು ಒಂದೇ ಸಲ. ಅದೂ ಗೆದ್ದ ಹಿರೇಕೆರೂರಿನವರು ಫೋಟೋ ತೆಗೆಯುವಾಗ "ಸ್ವಲ್ಪ ಹಿಡಕೋರಿ" ಎಂದು ಕೈಗೆ ಕೊಟ್ಟಿದ್ದರು. ನಾಳೆ ಎದುರಾಳಿ ಅದೇ ಹಿರೇಕೆರೂರು.

ಸವಣೂರಿನ ಮೈದಾನಕ್ಕೆ ಒಳ್ಳೆಯದೊಂದು ರೂಢಿ ಇದೆ. ಅಜಾನ್ ಕೇಳಿದರೆ ಬ್ಯಾಟು ಕೆಳಗಿಳಿಯುತ್ತದೆ. ಶುಕ್ರವಾರ ಜುಮ್ಮಾ ಮುಗಿಯುವ ತನಕ ಟಾಸೇ ಇಲ್ಲ. ಶ್ರಾವಣ ಸೋಮವಾರ ಆಟಕ್ಕೇ ರಜೆ. ಯಾರ ದೇವರಿಗೂ ಕ್ರಿಕೆಟ್ ಅಡ್ಡ ಬರಬಾರದು ಎಂಬುದು ಅಲ್ಲಿಯ ಹಿರಿಯರ ಮಾತು. ಭಾನುವಾರದ ಬೆಳಗಿನ ಬಗ್ಗೆ ಮಾತ್ರ ಯಾರೂ ಯೋಚಿಸಿರಲಿಲ್ಲ, ಏಕೆಂದರೆ ಕೇಳಬೇಕಾಗಿದ್ದ ಒಬ್ಬನೇ ಒಬ್ಬ ಬಾಯಿ ಬಿಟ್ಟಿರಲಿಲ್ಲ.

ತಿಮ್ಮಣ್ಣನ ಬಾಯಿಯ ಕತೆಯೇ ಅದು. ‘ಇಲ್ಲ’ ಎಂಬ ಪದವನ್ನು ದೇವರು ಅವನಿಗೆ ಕೊಡಲು ಮರೆತಿದ್ದ. ಶನಿವಾರ ಸಂಜೆ ಬಸ್ ಸ್ಟ್ಯಾಂಡಿನ ಬಳಿ ತನ್ನ ಖಾರದ ಅಂಗಡಿಯಲ್ಲಿ ತಂಡದ ಕ್ಯಾಪ್ಟನ್ ದಾದಾಪೀರ, ಚೂಡಾ ಕರಿಯುವ ಎಣ್ಣೆ ಬಾಣಲೆಯ ಮುಂದೆ ನಿಂತೇ, "ನಾಳೆ ಹತ್ತಕ್ಕಪಾ. ಬರ್ತಿ ಹೌದಲ್ಲೊ?" ಎಂದ.

"ಬರ್ತೇನಿ," ಎಂದ ತಿಮ್ಮಣ್ಣ.

ಮನೆ ಮುಟ್ಟುವಷ್ಟರಲ್ಲಿ ಪಾಸ್ಟರ್ ದೇವಕುಮಾರರ ಫೋನು. ಅವರಿರುವುದು ಶಿಗ್ಗಾಂವಿಯಲ್ಲಿ. ಪ್ರತಿ ಭಾನುವಾರ ಅಲ್ಲಿ ಎಂಟರ ಆರಾಧನೆ ಮುಗಿಸಿ, ಬೈಕಿನಲ್ಲಿ ಸವಣೂರಿಗೆ ಹತ್ತಕ್ಕೆ ಬಂದು, ಮುಂದೆ ಹಾನಗಲ್ಲಿಗೆ ಹೋಗುತ್ತಾರೆ. "ತಿಮೋತಿ, ನಾಳೆ ಹೊಸಾ ಕೀರ್ತನಿ ಐತಿ. ನೀ ಇರಲಿಲ್ಲಂದ್ರ ನಡಿಯಂಗಿಲ್ಲ. ಬರ್ತಿ ಹೌದಲ್ಲ?"

"ಬರ್ತೇನ್ರಿ ಅಯ್ಯನವರ," ಎಂದ ತಿಮ್ಮಣ್ಣ. ಆಮೇಲೆ ಫೋನನ್ನು ಬಂದ್ ಮಾಡಿ ಅಕ್ಕಿ ಡಬ್ಬಿಯಲ್ಲಿ ಇಟ್ಟುಬಿಟ್ಟ. ಇಬ್ಬರಲ್ಲಿ ಯಾರೂ ಮತ್ತೆ ಫೋನ್ ಮಾಡಿ ಅವನಿಂದ ಇನ್ನೊಂದು ‘ಬರ್ತೇನಿ’ ಹೇಳಿಸಬಾರದು ನೋಡಿ.

ರಾತ್ರಿ ಮಲಗಿದಾಗ ಉಪಾಯ ಹೊಳೆಯಿತು. ಹರಕೆ ಇರುವುದು ಆರಾಧನೆಗೆ, ಊರಿಗಲ್ಲ. ಶಿಗ್ಗಾಂವಿಯಲ್ಲಿ ಎಂಟರ ಆರಾಧನೆಗೆ ಹಿಂದಿನ ಸಾಲಿನಲ್ಲಿ ಕುಳಿತು, ಮುಗಿದೊಡನೆ ಟಂಟಂ ಆಟೋ ಹತ್ತಿದರೆ ಹತ್ತಕ್ಕೆ ಮೈದಾನ. ದೇವರಿಗೂ ಮಾತು ಉಳಿಯಿತು, ದಾದಾಪೀರನಿಗೂ ಉಳಿಯಿತು. ಹೊಸ ಕೀರ್ತನೆಯ ಗತಿ ಏನು ಎಂದು ಒಳಗೊಂದು ದನಿ ಕೇಳಿತು. ತಿಮ್ಮಣ್ಣ ಮಗ್ಗುಲು ಬದಲಿಸಿದ.

ಬೆಳಿಗ್ಗೆ ಕೋಳಿ ಕೂಗುವ ಮೊದಲೇ ಎದ್ದು, ತಂಡದ ಹಳದಿ ಟೀಶರ್ಟಿನ ಮೇಲೆ ಚರ್ಚಿನ ಬಿಳಿ ಅಂಗಿ ಹಾಕಿಕೊಂಡ. ಹೆಂಡತಿ ಜಯಾ ತವರುಮನೆ ಚಿಕ್ಕೇರೂರಿಗೆ ಹೋಗಿದ್ದರಿಂದ ಪ್ರಶ್ನೆ ಕೇಳುವವರು ಅವ್ವ ಒಬ್ಬಳೇ, ಅವಳಿಗಿನ್ನೂ ನಿದ್ದೆ. ಆದರೆ ಪಕ್ಕದ ಮನೆಯ ಮಂಜವ್ವ ಅಂಗಳ ಗುಡಿಸುತ್ತಿದ್ದಳು. ಆ ಓಣಿಗೆ ಪತ್ರಿಕೆ ತರಿಸುವ ಅಗತ್ಯ ಬಿದ್ದಿಲ್ಲ, ಮಂಜವ್ವ ಇದ್ದಾಳೆ.

"ಎಲ್ಲಿಗೋ ತಿಮ್ಮಣ್ಣಾ, ಇಷ್ಟ ಲಗೂ? ಬೂಟ ಬ್ಯಾರೆ ಹಾಕ್ಕೊಂಡೀ?"

"ಶಿಗ್ಗಾಂವ್ಯಾಗ ಮೋಟರ್ ಸುಟ್ಟೈತಂತ ಮಂಜಕ್ಕಾ," ಎಂದವನೇ ಓಣಿ ತಿರುಗಿದ. ಮಂಜವ್ವ ಏನೋ ಹೇಳಲು ಬಾಯಿ ತೆರೆದು, ತಟ್ಟನೆ ಕೈಯಿಂದ ಮುಚ್ಚಿಕೊಂಡಳು. ತಿರುಗಿ ನೋಡಿದ್ದರೆ ಅವನಿಗೆ ಆಶ್ಚರ್ಯವಾಗುತ್ತಿತ್ತು. ಅವನು ನೋಡಲಿಲ್ಲ.

ಶಿಗ್ಗಾಂವಿಯ ಚರ್ಚಿಗೆ ಬೀಗ. ಅಂಗಳಕ್ಕೆ ನೀರು ಹಾಕುತ್ತಿದ್ದ ತನುಜಾ ಎಂಬಾಕೆ ಇವನನ್ನು ಗುರುತು ಹಿಡಿದಳು. "ಇವತ್ತ ಆರಾಧನಿ ತಡಾ ಆಗ್ತೈತ್ರಿ ಅಣ್ಣಾರ. ಅಯ್ಯನವರು ರಾತ್ರಿನ ಫೋನ್ ಮಾಡಿದ್ರು. ನಿಮ್ಮ ಸವಣೂರಾಗ ಏನೋ ಆಗೇತಂತ, ಯಾರೋ ಒಬ್ಬರ ಸಲವಾಗಿ."

"ಯಾರ ಸಲವಾಗಿ?"

"ಹೆಸರು ಹೇಳಲಿಲ್ರಿ. ನಿಮ್ಮ ಅಂಗಿ ಒಳಗ ಹಳದಿ ಕಾಣಾಕತ್ತೈತಿ ನೋಡ್ರಿ."

ತಿಮ್ಮಣ್ಣ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಆ ಒಬ್ಬ ತಾನಲ್ಲದೆ ಇನ್ನಾರು? ಪಾಸ್ಟರಿಗೆ ಎಲ್ಲ ಗೊತ್ತಾಗಿದೆ, ಸಭೆ ಕೂಡಿಸಿದ್ದಾರೆ, ಅವ್ವನನ್ನೂ ಕರೆಸುತ್ತಾರೆ. ಮುಚ್ಚಿದ ಬಾಗಿಲ ಮುಂದೆ ನಿಂತಾಗ ಆಸ್ಪತ್ರೆಯ ಬೆಂಚು ನೆನಪಾಯಿತು. ಅಂದು ದೇವರು ‘ನೋಡೋಣ, ಯಾವ ಊರಿನ ಆರಾಧನೆ’ ಎಂದು ಲೆಕ್ಕ ಕೇಳಿರಲಿಲ್ಲ. ಅವ್ವನನ್ನು ಸುಮ್ಮನೆ ಉಳಿಸಿಕೊಟ್ಟಿದ್ದ. ನಾಚಿಕೆಯಿಂದ ಅವನ ಮುಖ ಬಿಸಿಯಾಯಿತು. ಬೇಡ, ಕಪ್ಪು ಬೇಡ. ಹತ್ತಕ್ಕೆ ಸವಣೂರಿನ ಚರ್ಚಿಗೇ ಹೋಗಿ ಹಾರ್ಮೋನಿಯಂ ಮುಂದೆ ಕುಳಿತುಬಿಡುತ್ತೇನೆ, ದಾದಾಪೀರ ಕೊಂದರೆ ಕೊಲ್ಲಲಿ ಎಂದು ಟಂಟಂ ಹತ್ತಿದ. ದಾರಿಯುದ್ದಕ್ಕೂ ಆ ಹಳೇ ಫೋಟೋದ ಕಪ್ಪು ಕಣ್ಣ ಮುಂದೆ ಬರುತ್ತಿತ್ತು ಎಂಬುದನ್ನೂ ಹೇಳಬೇಕು.

ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ದಾದಾಪೀರನ ಖಾರದ ಅಂಗಡಿಯ ಎದುರಿಗೇ ಇಳಿದಂತೆ. ಅದಕ್ಕೆ ಊರ ಹೊರಗೆ ಎಲೆತೋಟದ ಬಳಿಯೇ ಇಳಿದು ಕಾಲುದಾರಿ ಹಿಡಿದ. ನಾಲ್ಕು ಹೆಜ್ಜೆ ಹೋಗಿಲ್ಲ, ಎದುರಿನಿಂದ ದಾದಾಪೀರನ ಬೈಕಿನ ಸದ್ದು. ಸೈಲೆನ್ಸರ್ ಒಡೆದ ಆ ಬೈಕು ಸವಣೂರಿನಲ್ಲಿ ಒಂದೇ. ತಿಮ್ಮಣ್ಣ ಹಿಂದು ಮುಂದು ನೋಡದೆ ಬೇಲಿ ದಾಟಿ ಹಯಾತ ಚಾಚಾನ ತೋಟಕ್ಕೆ ನುಗ್ಗಿದ.

"ಏ! ಬೂಟು! ಬೂಟು!" ಬಳ್ಳಿಗಳ ನಡುವಿನಿಂದ ಚಾಚಾ ಸಿಡಿದೆದ್ದ. "ಎಲಿ ತ್ವಾಟ ಅಂದ್ರ ದೇವರ ಮನಿ ಇದ್ದಂಗ, ಕಾಲಾಗ ಬೂಟ ಹಾಕ್ಕೊಂಡು ಯಾವಾಂವ ಬರ್ತಾನಲೇ? ಹೊರಗ ಬಿಡು ಮೊದ್ಲ!"

"ಚಾಚಾ, ಸಾವಕಾಶ, ಕಾಲ ಬೀಳ್ತೇನಿ," ಎಂದು ತಿಮ್ಮಣ್ಣ ಬೂಟು ಕಳಚಿ ಬೇಲಿಯಾಚೆ ಎಸೆದು, ಬಳ್ಳಿಯ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕುಳಿತ. ಮೊಣಕಾಲು ಕಿರ್ರೆಂದಿತು.

ಬೈಕು ನಿಂತಿತು. "ಚಾಚಾ, ತಿಮ್ಮಣ್ಣನ್ನ ನೋಡಿದ್ರೇನ್ರಿ? ಮುಂಜಾನಿಂದ ಹುಡುಕಾಕತ್ತೇನಿ. ಮನ್ಯಾಗಿಲ್ಲ, ಫೋನೂ ಬಂದ್ ಐತಿ."

ತಿಮ್ಮಣ್ಣ ಎಲೆಗಳ ನಡುವೆ ಎರಡೂ ಕೈ ಮುಗಿದ. ಚಾಚಾ ಮುಗಿದ ಕೈ ನೋಡಿ ಕರಗಿದ. "ಇಲ್ಲಪಾ, ನಾ ನೋಡಿಲ್ಲ."

"ಸಿಕ್ಕರ ಬಿಡಬ್ಯಾಡ್ರಿ. ಅವಂಗೊಂದು ಮಾತು ಐತಿ, ಅದನ್ನ ನನ್ನ ಬಾಯಿಲೇನ ಹೇಳಬೇಕು. ಅಂವನ ಮಾರಿ ನೋಡಬೇಕು ನಾ ಆಗ!" ಎಂದ ದಾದಾಪೀರ. ಆಮೇಲೆ ಬೇಲಿಯ ಬಳಿ ಬಗ್ಗಿದ. "ಇವು ಅವನ ಬೂಟಲ್ಲೇನ್ರಿ?"

"ನಾಯಿ ತಂದು ಹಾಕಿರಬೇಕು," ಎಂದ ಚಾಚಾ.

ದಾದಾಪೀರ ಬೂಟುಗಳನ್ನು ಹ್ಯಾಂಡಲಿಗೆ ನೇತುಹಾಕಿಕೊಂಡು ಹೊರಟುಹೋದ.

ಬರಿಗಾಲಲ್ಲಿ, ಅಂಗಿಯ ತುಂಬ ಎಲೆಯ ಕಲೆ ಮಾಡಿಕೊಂಡು ತಿಮ್ಮಣ್ಣ ಚರ್ಚು ಮುಟ್ಟಿದಾಗ ಸರಿಯಾಗಿ ಹತ್ತು. ಅಲ್ಲೂ ಬೀಗ. ಒಳಗೆ ಹಾಡಿಲ್ಲ, ಹೊರಗೆ ಚಪ್ಪಲಿಗಳಿಲ್ಲ. ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ಕಾದ. ಒಂಬತ್ತು ಮನೆಯ ಒಬ್ಬರೂ ಬರಲಿಲ್ಲ. ಒಂದೇ ದಿನ ಎರಡು ಊರಲ್ಲಿ ದೇವರ ಮನೆಗೆ ಬೀಗ ಕಂಡವನು ಏನೆಂದುಕೊಳ್ಳಬೇಕು? ಕಡೆಗೆ, ನನ್ನ ಪಾಲಿಗೆ ಬಂದದ್ದನ್ನು ಮಾಡಿದೆ ಸ್ವಾಮಿ, ಬಾಗಿಲು ತೆಗೆಯುವುದು ನನ್ನ ಕೈಲಿಲ್ಲ ಎಂದು ಎದ್ದು, ಉಳಿದ ಆಟವಾದರೂ ಸಿಕ್ಕೀತು ಎಂದು ಮೈದಾನದತ್ತ ಓಡಿದ.

ಮೈದಾನದಲ್ಲಿ ನಾಲ್ಕು ಆಡು ಮೇಯುತ್ತಿದ್ದವು. ತಂಡದ ಬೌಲರ್ ಫಯಾಜ ಒಬ್ಬನೇ ಪಿಚ್ಚಿಗೆ ಸುಣ್ಣದ ಗೆರೆ ಎಳೆಯುತ್ತಿದ್ದ.

"ಮ್ಯಾಚ್ ಮುಗೀತೇನಲೇ?" ಎಂದ ತಿಮ್ಮಣ್ಣ ಏದುಸಿರಿನಲ್ಲಿ.

"ಎಲ್ಲಿದ್ದಿ ಮಾರಾಯಾ! ದಾದಾ ನಿನ್ನ ಹುಡುಕಿ ಹುಡುಕಿ ಸೋತ. ಮ್ಯಾಚ್ ನಾಕಕ್ಕ ಇಟ್ಟಾರ, ನಿನ್ನ ಸಲವಾಗಿ. ರಾತ್ರಿನ ದಾದಾ ಕಮಿಟಿಯವರ ಕೂಡ ಜಗಳಾ ತಗದಾ. ‘ನಮ್ಮ ಜುಮ್ಮಾಕ್ಕ ಆಟ ನಿಂದ್ರಸ್ತೀರಿ, ತಿಮ್ಮಣ್ಣನ ರವಿವಾರಕ್ಕ ಯಾಕಿಲ್ಲ? ಅಂವ ಬಾಯಿ ಬಿಟ್ಟು ಕೇಳಾಂವಲ್ಲ, ನಾವ ತಿಳಕೋಬೇಕು’ ಅಂದ. ಹಿರೇಕೆರೂರವ್ರೂ ಒಪ್ಪ್ಯಾರ. ರಾತ್ರಿ ಊರಿಗೆ ಹೋಗೂ ಬಸ್ ತಪ್ಪತೈತಿ ಅಂತ ಟೆಂಪೋ ಮಾಡ್ಯಾರ."

ತಿಮ್ಮಣ್ಣ ಆಡುಗಳ ಕಡೆ ತಿರುಗಿ ಕಣ್ಣೊರೆಸಿಕೊಂಡ. ಈ ಗೆಳೆಯನಿಂದ ತಪ್ಪಿಸಿಕೊಂಡು ಎಲೆತೋಟದಲ್ಲಿ ಕೂತಿದ್ದೆನಲ್ಲ ಎಂದು ತನ್ನನ್ನು ತಾನೇ ಬೈದುಕೊಂಡ. ಶಿಗ್ಗಾಂವಿಯಂತೆ ಇಲ್ಲೂ ಆರಾಧನೆ ತಡವಾಗಿರಬೇಕು, ಈಗ ಹೋದರೂ ಸಿಕ್ಕೀತು; ಆಮೇಲೆ ನಾಲ್ಕಕ್ಕೆ ಫೈನಲ್! ಅವ್ವನಿಗೆ ಹೇಳಬೇಕೆಂದು ಸುಡುವ ನೆಲದ ಮೇಲೆ ಬರಿಗಾಲಲ್ಲಿ ಮನೆಗೆ ಓಡಿದ.

ಕಟ್ಟೆಯ ಮೇಲೆ ರೂತವ್ವ ಕಾಲು ನೀಡಿಕೊಂಡು, ಊದಿದ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಮಂಜವ್ವ, ಎಂದೂ ಇಲ್ಲದ ಮೌನದಲ್ಲಿ.

"ಅವ್ವಾ, ಕೇಳಿಲ್ಲಿ, ಮ್ಯಾಚು..."

"ನೀ ಸುಮ್ಮಕಿರು, ಮೊದ್ಲ ನಾ ಹೇಳ್ತೇನಿ," ಎಂದಳು ರೂತವ್ವ. ಅವಳ ಮುಖ ಹಬ್ಬದ ದಿನದಂತೆ ಬೆಳಗುತ್ತಿತ್ತು. "ನಿನ್ನೆ ಮಂಜವ್ವ ಹೇಳಿದ್ಲು, ಮ್ಯಾಚ್ ಹತ್ತಕ್ಕ ಅಂತ. ನೀ ಹರಕಿ ಹೊತ್ತದ್ದು ನನ್ನ ಜೀವದ ಸಲವಾಗಿ ಅಲ್ಲೇನೋ ತಮ್ಮಾ? ಆ ಹರಕಿಲೇ ನಿನ್ನ ಜೀವ ಹಿಂಡಬಾರದು ಅಂತ ಅಯ್ಯನವರಿಗೆ ಫೋನ್ ಹಚ್ಚಿಸಿದೆ. ‘ಎಲ್ಲಾ ಮನೀಯವರು ಒಪ್ಪಿದ್ರ ನಂದೇನೂ ಇಲ್ಲ’ ಅಂದ್ರು. ಮುಂಜಾನಿಂದ ಉಳಿದ ಎಂಟೂ ಮನಿ ತಿರುಗಿ ಬಂದೇನಿ. ಎಲ್ಲಾರೂ ಹ್ಞೂಂ ಅಂದ್ರು. ಅಯ್ಯನವರು ಮೊದ್ಲ ಹಾನಗಲ್ಲ, ಆಮ್ಯಾಲ ಶಿಗ್ಗಾಂವಿ ಮುಗಿಸಿ ಇಲ್ಲಿಗೆ ಬರ್ತಾರ. ನಮ್ಮ ಆರಾಧನಿ ಇವತ್ತ ನಾಕಕ್ಕ! ಈಗೂ ಭಾಳ ತಡಾ ಆಗಿಲ್ಲ, ಓಡು, ಮ್ಯಾಚ್ ಆಡು ಹೋಗು!"

ತಿಮ್ಮಣ್ಣ ಮೆಲ್ಲಗೆ ಕಟ್ಟೆಯ ಮೇಲೆ ಕುಳಿತ. ಅಷ್ಟರಲ್ಲಿ ಒಡೆದ ಸೈಲೆನ್ಸರಿನ ಬೈಕು ಬಂದು ನಿಂತಿತು. ದಾದಾಪೀರ ಒರೆಸಿ ಫಳಫಳ ಮಾಡಿದ ಬೂಟು ಹಿಡಿದುಕೊಂಡು ಇಳಿದು, "ಸಿಕ್ಕಿ ನೋಡು! ರೂತವ್ವಾರ, ನೀವೂ ಕೇಳ್ರಿ. ಆರಾಧನಿ ಮುಗಿಸಿಕೊಂಡ ಬರಲಿ ಅಂತ ಫೈನಲ್ ನಾಕಕ್ಕ ಇಡಿಸೇನಿ!" ಎಂದ.

ರೂತವ್ವ ದಾದಾಪೀರನನ್ನು ನೋಡಿದಳು. ದಾದಾಪೀರ ರೂತವ್ವನನ್ನು ನೋಡಿದ. ಆಮೇಲೆ ಇಬ್ಬರೂ ಒಟ್ಟಿಗೆ ಮಂಜವ್ವನನ್ನು ನೋಡಿದರು.

"ನನ್ನ ಯಾಕ ನೋಡ್ತೀರಿ?" ಮಂಜವ್ವನ ಬಾಯಿಯ ಕಟ್ಟೆ ಒಡೆಯಿತು. "ರಾತ್ರಿ ಈಕಿ ಬಂದು ‘ನಾನ ಹೇಳ್ತೇನಿ, ನೀ ಬಾಯಿ ಬಿಡಬ್ಯಾಡ’ ಅಂತ ಆಣಿ ಹಾಕಿಸಿಕೊಂಡ್ಲು. ಮುಂಜಾನೆ ಇಂವ ಬಂದು ಹಂಗ ಆಣಿ ಹಾಕಿಸಿಕೊಂಡ. ಹುಟ್ಟಿದಾಗಿಂದ ಇವತ್ತೊಂದ ದಿನ ಬಾಯಿ ಮುಚ್ಚಿಕೊಂಡು ಕುಂತೇನಿ, ಹೊಟ್ಟಿ ಉಬ್ಬಿ ಸಾಯಾಕತ್ತೇನಿ!"

"ಮತ್ತ ಎಂಟ ಮನಿ ತಿರುಗಾಕ ನನ್ನ ಕಾಲಾಗ ಶಕ್ತಿ ಇಲ್ಲಪಾ," ಎಂದಳು ರೂತವ್ವ.

"ಇನ್ನೊಮ್ಮೆ ಬದಲಿ ಅಂದ್ರ ಕಮಿಟಿಯವ್ರು ನನ್ನ ಬಾಣಲ್ಯಾಗ ಕರೀತಾರ್ರಿ ಅಮ್ಮಾ," ಎಂದ ದಾದಾಪೀರ.

ಇಬ್ಬರೂ ಯೋಚಿಸಿದರು. ಕಡೆಗೆ ಇಬ್ಬರಿಗೂ ಒಂದೇ ದಾರಿ ತೋಚಿತು: ಅವನನ್ನೇ ಕೇಳುವುದು. ಇಬ್ಬರೂ ತಿಮ್ಮಣ್ಣನತ್ತ ತಿರುಗಿದರು.

"ನೀನ ಹೇಳು ತಮ್ಮಾ. ನಾಕಕ್ಕ ಬರ್ತಿ ಹೌದಲ್ಲೊ?"

"ಹೇಳಲೇ ತಿಮ್ಮಣ್ಣಾ. ನಾಕಕ್ಕ ಬರ್ತಿ ಹೌದಲ್ಲೊ?"

ತಿಮ್ಮಣ್ಣ ಅವ್ವನ ಎಣ್ಣೆ ಹಚ್ಚಿದ ಮೊಣಕಾಲನ್ನು ನೋಡಿದ. ದಾದಾಪೀರನ ಕೈಯಲ್ಲಿ ಹೊಳೆಯುತ್ತಿದ್ದ ತನ್ನ ಬೂಟುಗಳನ್ನು ನೋಡಿದ. ‘ಇಲ್ಲ’ ಎಂಬ ಪದಕ್ಕಾಗಿ ಒಳಗೆಲ್ಲ ತಡಕಾಡಿದ.

"ಬರ್ತೇನಿ," ಎಂದ.

ಇಬ್ಬರ ಮುಖವೂ ಒಟ್ಟಿಗೇ ಅರಳಿತು.